ಕಾಗದಕ್ಕೆ ಕೂತರೆ ನೀರು

ಪಟ್ಟಂದೂರು ಅಗ್ರಹಾರದ ಆ ಹದಿನಾರು ರೂಮುಗಳಲ್ಲಿ ಬಾಡಿಗೆಗಿದ್ದವರಿಗೆಲ್ಲ ಅವರು ಓನರಮ್ಮ. ಅವರಿಗೂ ಒಂದು ಹೆಸರಿತ್ತು. ಕರೆಂಟ್ ಬಿಲ್ಲಿನ ಮೇಲೆ ಅಚ್ಚಾಗಿ ಬರುತ್ತಿತ್ತು. ಆ ಹೆಸರು ಹಿಡಿದು ಕರೆದವರನ್ನು ಮಾತ್ರ ನಾನು ಕಾಣೆ. ಹೋದ ತಿಂಗಳು ಅವರು ತೀರಿಕೊಂಡರು. ಹನ್ನೊಂದನೆಯ ದಿನದ ಕಾರ್ಯಕ್ಕೆ ಸರ್ಜಾಪುರದಿಂದ ಎರಡು ಬಸ್ಸು ಬದಲಾಯಿಸಿ ಹೋಗಿ ಬಂದೆ. ಬಂದಾಗಿನಿಂದ ಮನಸ್ಸಿಗೆ ನೆಮ್ಮದಿಯಿಲ್ಲ. ಅವರ ವಿಷಯ ಬರೆದರೆ ನನ್ನ ವಿಷಯವನ್ನೂ ಬರೆಯಬೇಕಾಗುತ್ತದೆ. ಬರೆಯುತ್ತೇನೆ.

ಅವರದು ಆ ಊರಿನ ಮೂಲ ಒಕ್ಕಲು. ಗಂಡ ಇದ್ದಾಗಲೇ ಜಮೀನು ಹೋಗಿತ್ತು. ಉಳಿದ ಹಿತ್ತಿಲಿನಲ್ಲಿ ಎದುರುಬದುರು ಎರಡು ಸಾಲು ಶೀಟಿನ ರೂಮುಗಳು ಎದ್ದವು. ಜಮೀನು ಹೋಯಿತು ಎಂದು ಅವರು ಯಾವತ್ತೂ ಹೇಳಿದ್ದಿಲ್ಲ. ಜಗಲಿಯ ಮೇಲೆ ಕೂತು, ಎಲೆಯಡಿಕೆ ತುಂಬಿದ ಬಾಯಲ್ಲಿ, "ಅಗಾ, ಆ ಗಾಜಿನ ಬಿಲ್ಡಿಂಗ್ ಐತಲ್ಲ ಮೇಡಮ್ಮ, ಅದರ ಒಟ್ಟೆಯಾಗೆ ನಮ್ಮ ಅವರೆ ಬೆಳೆ ಐತೆ" ಅನ್ನುತ್ತಿದ್ದರು. ಆ ಗಾಜಿನ ಕಟ್ಟಡದಲ್ಲೇ ನಾನು ಹೌಸ್‌ಕೀಪಿಂಗ್ ಸೂಪರ್‌ವೈಸರ್ ಆಗಿದ್ದೆ. ಕೊರಳಲ್ಲಿ ಕಾರ್ಡು ನೇತಾಡುತ್ತಿತ್ತು ಎಂಬ ಒಂದೇ ಕಾರಣಕ್ಕೆ ನಾನು ಅವರ ಬಾಯಲ್ಲಿ ಮೇಡಮ್ಮ ಆದೆ.

ಕುಳ್ಳಗೆ, ಕಪ್ಪಗೆ, ಸೆರಗನ್ನು ಸೊಂಟಕ್ಕೆ ಬಿಗಿದು ನಿಂತರೆ ಹದಿನಾರು ರೂಮೂ ಗಪ್‌ಚಿಪ್. ಬಾಯಿ ಬಹಳ ಜೋರು. ಮೂರನೇ ರೂಮಿನವಳಿಗೆ ಹೆರಿಗೆಯಾದಾಗ ಅವಳ ಗಂಡನಿಗೆ ಅರ್ಧ ಗಂಟೆ ಬೈದರು, ಏಕೆ ಬೈದರೆಂದು ಅವನಿಗೂ ತಿಳಿಯಲಿಲ್ಲ. ಬೈದು ಮುಗಿಸಿ ಒಳಗೆ ಹೋಗಿ ಮೆಣಸಿನ ಸಾರಿನ ಪಾತ್ರೆ ಹಿಡಿದು ಬಂದರು. ಬೈಗುಳ ಮುಂದೆ, ಸಾರು ಹಿಂದೆ, ಅದು ಅವರ ಕ್ರಮ.

ರೂಮುಗಳಲ್ಲಿ ಇದ್ದವರು ಹೆಚ್ಚಾಗಿ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯವರು. ಗಂಡಸರು ಕಟ್ಟಡದ ಕೆಲಸಕ್ಕೆ, ಹೆಂಗಸರು ಗಾಜಿನ ಕಟ್ಟಡಗಳ ನೆಲ ಒರೆಸುವುದಕ್ಕೆ. ಅಜ್ಜ ಅಜ್ಜಿ ಊರಲ್ಲಿ. ಸಂಜೆ ಮಕ್ಕಳ ಕೈಗೆ ಫೋನು ಕೊಟ್ಟು "ಮಾತಾಡು" ಅನ್ನುವರು. ಆ ಮಕ್ಕಳು ಹ್ಞೂಂ, ಉಂಡೀನಿ, ಹ್ಞೂಂ, ಇಡ್ತೀನಿ ಎಂದು ಮುಗಿಸಿ ಆಟಕ್ಕೆ ಓಡುವವು. ಓನರಮ್ಮ ಇದನ್ನು ಜಗಲಿಯಿಂದ ಬಹಳ ದಿನ ನೋಡಿದರು. ಒಂದು ದಿನ ನನ್ನನ್ನು ಕರೆದರು.

"ಪೋನಾಗೆ ಅದೇನ್ ಮಾತಾಡ್ತವೆ ನೋಡು ಮೇಡಮ್ಮ. ಊಟ ಆಯ್ತಾ, ಆಯ್ತು. ಇಡ್ಲಾ, ಇಡು. ಊಟ ಬಿಟ್ರೆ ಅಜ್ಜಿಗೂ ಮೊಮ್ಮಕ್ಳಿಗೂ ಬ್ಯಾರೆ ಸಂಬಂದಾನೇ ಇಲ್ವಾ? ಇವಕ್ಕೆ ಕಾಗದ ಬರೆಯೋದು ಕಲಿಸ್ಬೇಕು."

ಈಗಿನ ಕಾಲದಲ್ಲಿ ಕಾಗದ ಯಾರು ಬರೀತಾರೆ ಅಂದೆ. "ನಾನು ಬರೆಸ್ತೀನಿ" ಅಂದರು. ಬರೆಸಿದರು ಕೂಡ. ಹೇಗೆ ಅಂದರೆ, ನೀರಿನಿಂದ.

ಬೋರ್‌ವೆಲ್ ಮೋಟರಿನ ಸ್ವಿಚ್ಚು ಇದ್ದದ್ದು ಅವರ ನಡುಮನೆಯ ಗೋಡೆಯಲ್ಲಿ. ದಿನಾ ಬೆಳಿಗ್ಗೆ ಒಂದು ಗಂಟೆ ನೀರು. ಭಾನುವಾರ ಹತ್ತು ಗಂಟೆಗೆ ಬಟ್ಟೆ ಒಗೆಯುವುದಕ್ಕೆಂದು ಇನ್ನೊಂದು ಸಲ. ಆ ಎರಡನೇ ನೀರಿಗೆ ಹೆಂಗಸರು ವಾರವಿಡೀ ಕಾಯುತ್ತಿದ್ದರು. ಒಂದು ಭಾನುವಾರ ಹತ್ತಾಯಿತು, ಹತ್ತೂಕಾಲಾಯಿತು, ನಲ್ಲಿಯಲ್ಲಿ ನೀರಿಲ್ಲ. ಹೋಗಿ ಕೇಳಿದರೆ ಓನರಮ್ಮ ಸ್ವಿಚ್ಚಿನ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದಾರೆ.

"ಮಕ್ಳು ಜಗಲಿ ಮೇಲೆ ಕಾಗದಕ್ಕೆ ಕೂತ್ರೆ ನೀರು. ಇಲ್ದಿದ್ರೆ ಬಟ್ಟೆ ಅಂಗೇ ಇಟ್ಕಳಿ."

ಐದು ನಿಮಿಷದಲ್ಲಿ ಹನ್ನೊಂದು ಮಕ್ಕಳು ಜಗಲಿಯ ಮೇಲಿದ್ದವು. ಕೆಲವನ್ನು ತಾಯಂದಿರು ಕಿವಿ ಹಿಡಿದು ತಂದಿದ್ದರು. ಮೋಟರು ಗುಂಯ್ ಅಂದಿತು. ಮುಂದೆ ಪ್ರತಿ ಭಾನುವಾರವೂ ಅಷ್ಟೇ. ಕೊಡ ತುಂಬುವ ಸದ್ದು, ಬಟ್ಟೆ ಕುಕ್ಕುವ ಸದ್ದು, ಅದರ ನಡುವೆ ತಲೆ ತಗ್ಗಿಸಿ ಬರೆಯುವ ಮಕ್ಕಳು.

ಅವರ ಕಟ್ಟಳೆಗಳು ಎರಡು. "ಇತ್ತ ನಾವೆಲ್ಲ ಕ್ಷೇಮ" ಎಂದು ಶುರುಮಾಡಕೂಡದು. "ಅದು ಬರೆದ್ರೆ ಅಲ್ಲಿಗೆ ಮುಗೀತು, ಮುಂದೆ ಏನೂ ಬರಾಕಿಲ್ಲ. ಕಣ್ಣಾಗೆ ನೋಡಿದ್ದು ಬರೀರಿ, ಮನ್ಸಾಗೆ ಇರೋದು ಬರೀರಿ." ಎರಡನೆಯದು, ಮಗು ಬರೆದದ್ದನ್ನು ಯಾರೂ ಓದಕೂಡದು. ತಾಯಿಯೂ ಇಲ್ಲ, ತಂದೆಯೂ ಇಲ್ಲ, ತಾವೂ ಇಲ್ಲ, ನಾನೂ ಇಲ್ಲ. ಬರೆದ ಮಗು ತಾನೇ ಕವರಿನೊಳಗೆ ಹಾಕಬೇಕು, ಅವರು ಒಳಗಿನಿಂದ ಬಟ್ಟಲಲ್ಲಿ ತಂದ ಅನ್ನದ ಅಗುಳಿನಿಂದ ಅಂಟಿಸಬೇಕು. ನನ್ನ ಅಕ್ಷರ ದುಂಡಗಿದ್ದುದರಿಂದ ಮೇಲಿನ ವಿಳಾಸ ಬರೆಯುವ ಕೆಲಸ ನನ್ನದಾಯಿತು. ಸೋಮವಾರ ಡ್ಯೂಟಿಗೆ ಹೋಗುವಾಗ ಡಬ್ಬಿಗೆ ಹಾಕುವುದೂ ನನ್ನದೇ.

ಯಾರೂ ಓದಬಾರದು ಎಂಬುದರಲ್ಲಿ ಇಷ್ಟೊಂದು ಹಟವೇಕೆ ಎಂದು ಕೇಳಿದ್ದೆ. ಅಪರೂಪಕ್ಕೆ ಮೆಲ್ಲನೆ ಮಾತಾಡಿದರು.

"ನನ್ನ ಮದುವೆ ಆದಮ್ಯಾಕೆ ನಮ್ಮಪ್ಪ ತಿಂಗ್ಳಿಗೊಂದು ಕಾರ್ಡು ಆಕೋರು. ನಾಕನೇ ಕ್ಲಾಸು ಓದಿದ್ದೆ, ನಂಗೆ ಓದಕ್ಕೆ ಬರ್ತಿತ್ತು. ಆದ್ರೆ ನಮ್ಮತ್ತೆ ಕೈಗೇ ಕೊಡ್ತಿರ್ಲಿಲ್ಲ. ಮೈದುನನ ಕೈಲಿ ಮನೇರ ಮುಂದೆಲ್ಲಾ ಓದಿಸೋಳು. ಒಂದ್ಸಲ ನಮ್ಮಪ್ಪ, 'ತಾಯಿ, ಅಲ್ಲಿ ನಿಂಗೆ ಒಟ್ಟೆ ತುಂಬಾ ಇಕ್ತಾರಾ' ಅಂತ ಕೇಳ್ಬುಟ್ಟಿದ್ರು. ಮನೆಯೋರೆಲ್ಲಾ ನಕ್ಕಿದ್ದೇ ನಕ್ಕಿದ್ದು. ಅದು ನಮ್ಮಪ್ಪಂಗೆ ಎಂಗೋ ಗೊತ್ತಾಯ್ತು. ಆಮ್ಯಾಕೆ ಬರೀ ಕ್ಷೇಮ, ಕ್ಷೇಮ, ಕ್ಷೇಮ. ಸಾಯೋಗಂಟ ಇನ್ನೊಂದು ಮಾತು ಬರೀಲಿಲ್ಲ."

ಮಕ್ಕಳು ಮೊದಮೊದಲು ಪೆನ್ನು ಕಚ್ಚಿಕೊಂಡು ಕೂತವು. ಆಮೇಲೆ ಕೈ ಹರಿಯಿತು. ನಾವು ಓದುತ್ತಿರಲಿಲ್ಲ, ಆದರೆ ಬರೆದವರಿಗೆ ಹೇಳದಿದ್ದರೆ ತಡೆಯುತ್ತಿರಲಿಲ್ಲ. ಎರಡನೇ ರೂಮಿನ ಹುಡುಗ ತಾಯಿಯ ಜೊತೆ ಲಿಫ್ಟಿನಲ್ಲಿ ಹೋದದ್ದನ್ನೂ, ಒಳಗಿದ್ದವರು ಒಬ್ಬರ ಮುಖ ಒಬ್ಬರು ನೋಡದಿದ್ದದ್ದನ್ನೂ ಬರೆದಿದ್ದ. ಇನ್ನೊಬ್ಬಳು, ನಮ್ಮ ಆಡು ನನ್ನನ್ನು ಹುಡುಕುತ್ತದೆಯೇ ಎಂದು ಕೇಳಿದ್ದಳು. ಮೂರು ನಾಲ್ಕು ವಾರಕ್ಕೆ ಉತ್ತರ ಬರತೊಡಗಿದವು. ಎಲ್ಲವೂ ಓನರಮ್ಮನ ಮನೆ ವಿಳಾಸಕ್ಕೆ. ಪೋಸ್ಟ್‌ಮ್ಯಾನ್ ಬಂದ ದಿನ ಅವರು ಕಾಗದವನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು, ಮಗು ಸ್ಕೂಲಿನಿಂದ ಬರುವವರೆಗೆ ಜಗಲಿ ಬಿಟ್ಟು ಏಳುತ್ತಿರಲಿಲ್ಲ. ಅವರ ಮುಖದಲ್ಲಿ ಆಗ ಕಾಣುತ್ತಿದ್ದ ಸಂತೋಷವನ್ನು ನಾನು ಬೇರೆ ಯಾವಾಗಲೂ ಕಂಡಿಲ್ಲ.

ಒಂಬತ್ತನೇ ರೂಮಿನ ಹುಡುಗಿ ಎಲ್ಲರಿಗಿಂತ ಉದ್ದ ಬರೆಯುತ್ತಿದ್ದಳು. ಎಂಟನೇ ಕ್ಲಾಸು, ಸಣಕಲಿ, ಮಾತು ಕಡಿಮೆ. ಅವಳ ಕಾಗದವೆಲ್ಲ ಅಪ್ಪನ ತಾಯಿಗೆ. ಅವರ ಕಡೆ ಅಜ್ಜಿಗೆ ಆಯಿ ಅನ್ನುತ್ತಾರೆ. ಅಪ್ಪ ಕಟ್ಟಡಗಳಿಗೆ ಕಂಬಿ ಕಟ್ಟುತ್ತಿದ್ದ. ಅಮ್ಮ ನನ್ನ ಕೈಕೆಳಗೇ ಕೆಲಸ ಮಾಡುತ್ತಿದ್ದಳು. ಊರಲ್ಲಿ ಶಾಲೆ ಏಳನೇ ಕ್ಲಾಸಿಗೆ ಮುಗಿಯುತ್ತದೆ. ಹೈಸ್ಕೂಲಿಗೆ ಹೋಗಬೇಕೆಂದರೆ ಬಸ್ಸಿಲ್ಲದ ದಾರಿ. ಅವಳು ಹತ್ತನೇ ಕ್ಲಾಸು ಮುಗಿಸುವವರೆಗಾದರೂ ಇಲ್ಲೇ ಇರಬೇಕೆಂದು ಗಂಡ ಹೆಂಡತಿ ನಿಶ್ಚಯಿಸಿದ್ದರು. ಊರಿಗೆ ಬಾ ಎಂದು ತನ್ನ ಅಣ್ಣ ಎಷ್ಟು ಕರೆದರೂ ಅಪ್ಪ ಹೋಗಿರಲಿಲ್ಲ.

ಆ ಅಪ್ಪ ಮೂರನೇ ಅಂತಸ್ತಿನಿಂದ ಬಿದ್ದ. ಪ್ರಾಣ ಉಳಿಯಿತು, ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಆಸ್ಪತ್ರೆಯಿಂದ ತಂದು ರೂಮಿನಲ್ಲಿ ಚಾಪೆಯ ಮೇಲೆ ಮಲಗಿಸಿದರು. ಊರಿಗೆ ತಿಳಿಸಲಿಲ್ಲ. "ಎದ್ದು ನಿಂತ ಮ್ಯಾಲ ಹೇಳಿದ್ರಾಯ್ತು. ಈಗ ಹೇಳಿದ್ರ ಅಣ್ಣ ಬಂದು ಎಲ್ಲಾರನ್ನೂ ಕರಕೊಂಡು ಹೋಗ್ತಾನ, ಇಕಿ ಸಾಲಿ ಬಿಡತಾಳ" ಅನ್ನುತ್ತಿದ್ದ. ತಾಯಿಯ ಫೋನು ಬಂದಾಗ ಮಗಳು ಅವನ ಕಿವಿಗೆ ಹಿಡಿಯುತ್ತಿದ್ದಳು. ಅವನು ನಗುನಗುತ್ತ, "ಆರಾಮ ಅದೀನಿ ಅವ್ವ, ಕೆಲಸಾ ಭಾಳ ಅದ" ಅನ್ನುತ್ತಿದ್ದ. ಫೋನು ಹಿಡಿದ ಹುಡುಗಿ ಗೋಡೆ ನೋಡುತ್ತಿದ್ದಳು. ನಾನು ಒಂದು ಸಲ ಬಾಗಿಲಲ್ಲಿ ನಿಂತು ಅದನ್ನು ಕಂಡಿದ್ದೇನೆ.

ಆಮೇಲಿನ ಒಂದು ಭಾನುವಾರ ಅವಳು ಕಾಗದ ಮಡಿಸಿ ನನ್ನ ಹತ್ತಿರ ಬಂದಳು. ಯಾವಾಗಲೂ ಸುಮ್ಮನೆ ಕವರು ಚಾಚುವವಳು ಅವತ್ತು ಕೈಯಲ್ಲೇ ಹಿಡಿದುಕೊಂಡಿದ್ದಳು.

"ಅಕ್ಕಾರ, ಖರೇ ಇದ್ದದ್ದು ಬರದೀನ್ರಿ. ಹಾಕಲೇನ್ರಿ?"

ಏನು ಬರೆದಿದ್ದಾಳೆಂದು ನನಗೆ ಆ ಕ್ಷಣವೇ ತಿಳಿಯಿತು. ತಿಳಿಯದವಳ ಹಾಗೆ ನಟಿಸುವುದು ಸುಲಭವಾಗಿತ್ತು, ಏಕೆಂದರೆ ಓದಬಾರದೆಂಬ ಕಟ್ಟಳೆ ನನ್ನ ಬೆನ್ನಿಗಿತ್ತು. "ಅದು ನಿನ್ನ ಕಾಗದ ಕಣೇ. ನನ್ನನ್ನ ಯಾಕೆ ಕೇಳ್ತೀಯ? ನಿನ್ನಿಷ್ಟ" ಅಂದೆ. ಬಹಳ ನ್ಯಾಯವಾದ ಮಾತು ಆಡಿದೆನೆಂಬ ಹೆಮ್ಮೆಯೂ ಆಯಿತು. ಅನ್ನದ ಬಟ್ಟಲು ಹಿಡಿದು ಹೊಸ್ತಿಲಲ್ಲಿ ನಿಂತಿದ್ದ ಓನರಮ್ಮ ನಮ್ಮಿಬ್ಬರನ್ನೂ ನೋಡಿದರು. ಮಾತು ಅವರ ಕಿವಿಗೆ ಬಿದ್ದಿತ್ತು. ಹುಡುಗಿ ಅಗುಳು ಹಚ್ಚಿ ಅಂಟಿಸಿದಳು. ನಾನು ದುಂಡಗೆ ವಿಳಾಸ ಬರೆದೆ, ಪಿನ್‌ಕೋಡಿನ ಸಮೇತ.

ನಾವು ಮೂವರೂ ಮರೆತದ್ದು ಒಂದೇ. ಆಯಿಗೆ ಓದಲು ಬರುತ್ತಿರಲಿಲ್ಲ. ಆ ಊರಿನ ಪದ್ಧತಿ ಏನೆಂದರೆ, ಕಾಗದ ತಂದ ಅಂಚೆಯವನೇ ಬೇವಿನ ಮರದ ಕಟ್ಟೆಯ ಮೇಲೆ ಕೂತು ಓದಿ ಹೇಳುತ್ತಾನೆ, ಸುತ್ತ ಹತ್ತು ಜನ ನಿಂತು ಕೇಳುತ್ತಾರೆ. ತನ್ನ ಅಪ್ಪನ ಕಾರ್ಡನ್ನು ಹತ್ತು ಜನರ ಮುಂದೆ ಓದಿಸಿಕೊಂಡ ಓನರಮ್ಮನಿಗೇ ಇದು ಹೊಳೆಯಲಿಲ್ಲ. ಈ ತುದಿಯಲ್ಲಿ ಅಗುಳು ಹಚ್ಚಿ ಮುಚ್ಚಿದ್ದಷ್ಟೇ ಅವರ ಗಮನದಲ್ಲಿತ್ತು.

ಅಂಚೆಯವನು ಓದಿದ. ಊರೇ ಕೇಳಿತು. ಎಂಟು ದಿನದೊಳಗೆ ಆಯಿ ಮತ್ತು ದೊಡ್ಡ ಮಗ ಬಸ್ಸು ಹತ್ತಿ ಬಂದಿಳಿದರು. ಮುದುಕಿ ನೇರ ಒಂಬತ್ತನೇ ರೂಮಿಗೆ ಹೋಗಿ ಮಗನ ಕಾಲು ಮುಟ್ಟಿ ಮುಟ್ಟಿ ನೋಡುತ್ತ ಕೂತಳು. ಅಣ್ಣ ಅಂಗಳದಲ್ಲಿ ನಿಂತು ಹೇಳಿದ, "ತಮ್ಮನ್ನ ಪರಊರಾಗ ಕೈಬಿಟ್ಟಾನ ಅಂತ ಊರ ಮಂದಿ ನನ್ನ ಮುಖಕ್ಕ ಉಗುಳ್ಯಾರ. ಇನ್ನ ಒಂದು ದಿನಾನೂ ಇಲ್ಲಿ ಬಿಡಂಗಿಲ್ಲ."

ಹುಡುಗಿಯ ಅಮ್ಮ ಮಗಳ ರಟ್ಟೆ ಹಿಡಿದು ಹೊರಗೆ ಎಳೆದು ತಂದಳು. "ಯಾರ ಹೇಳಿದ್ರು ನಿನಗ ಹಾಕು ಅಂತ? ಹೇಳು, ಯಾರ ಹೇಳಿದ್ರು?" ಹುಡುಗಿ ತಲೆ ಎತ್ತಲಿಲ್ಲ. ನಾನು ಡ್ಯೂಟಿ ಮುಗಿಸಿ ಬಂದು ಅಲ್ಲೇ, ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದೆ.

"ನಾನೇ ಏಳ್ದೆ" ಅಂದರು ಓನರಮ್ಮ ಜಗಲಿಯಿಂದ ಇಳಿಯುತ್ತ. "ಅದನ್ನ ಒಡೀಬ್ಯಾಡ. ಆಕು ಅಂತ ಏಳಿದ್ದು ನಾನೇ."

ಆ ತಾಯಿ ಅಳಲಿಲ್ಲ. ಓನರಮ್ಮನ ಮುಖವನ್ನೇ ನೋಡುತ್ತ, "ಬಟ್ಟಿ ಒಗಿಯೋ ನೀರಿನ ಆಸೆಕ್ಕ ನನ್ನ ಮಗಳನ್ನ ನಿಮ್ಮ ಕಟ್ಟಿ ಮ್ಯಾಲ ಕುಂದರಿಸಿದೆ ನೋಡ್ರಿ. ನಾಕು ಕೊಡ ನೀರಿಗಿ" ಅಂದಳು.

ಬಾಯಿ ಜೋರಿನ ಓನರಮ್ಮ ದನಿ ತಗ್ಗಿಸಿದರು. ಹುಡುಗಿಯನ್ನಾದರೂ ನನ್ನ ಮನೆಯಲ್ಲಿ ಬಿಡಿ, ಹತ್ತನೇ ಕ್ಲಾಸಿನವರೆಗೆ ಓದಿಸಿ ಕಳಿಸುತ್ತೇನೆ ಎಂದು ಬೇಡಿಕೊಂಡರು. ಅವರು ಕೈ ಮುಗಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಯಾರೂ ಒಪ್ಪಲಿಲ್ಲ. ಮರುದಿನ ಅಪ್ಪನನ್ನು ಟೆಂಪೋದಲ್ಲಿ ಮಲಗಿಸಿಕೊಂಡು ಹೊರಟರು. ಹುಡುಗಿ ಸ್ಕೂಲ್ ಬ್ಯಾಗನ್ನು ಅಪ್ಪನ ತಲೆಯ ಕೆಳಗೆ ದಿಂಬಿನಂತೆ ಇಟ್ಟಿದ್ದಳು.

ಅವತ್ತು ಸಂಜೆ ನಾನು ಜಗಲಿಗೆ ಹೋದೆ. "ಅವಳು ಕೇಳಿದ್ದು ನನ್ನನ್ನ..." ಎಂದು ಶುರುಮಾಡಿದೆ. ಅವರು ಮುಗಿಸಲು ಬಿಡಲಿಲ್ಲ.

"ಗೊತ್ತು ಬಿಡು. ನೀನು ಆ ಎಂಗಸ್ರಿಂದ ಕೆಲ್ಸ ಮಾಡ್ಸೋಳು, ನಾಳೆ ಅವರ ಮುಂದೆ ನಿಂತ್ಕಬೇಕು. ನಂಗೇನು, ಮುದುಕಿ. ಆಡ್ಸಿದ್ದು ನಾನೇ ತಾನೆ ಈ ಆಟಾನ?"

ತಪ್ಪು ಅವರ ಹೆಸರಲ್ಲೇ ಇರಲೆಂದು ನಾನು ಒಪ್ಪಿಕೊಂಡೆ. ಎಷ್ಟು ಬೇಗ ಒಪ್ಪಿಕೊಂಡೆನೆಂದು ನೆನೆದರೆ ಈಗ ನಾಚಿಕೆಯಾಗುತ್ತದೆ. ಅವತ್ತು ನಾಚಿಕೆಯಾಗಲಿಲ್ಲ, ಮನಸ್ಸು ಹಗುರವಾಯಿತು.

ಮುಂದಿನ ಭಾನುವಾರ ಎಂಟು ಗಂಟೆಗೇ ಮೋಟರು ಹಾಕಿದರು. ಹೆಂಗಸರು ಗಾಬರಿಯಾಗಿ ಕೊಡ ಹಿಡಿದು ಓಡಿದರು. ಹತ್ತಕ್ಕೆ ನಾಲ್ಕೈದು ಮಕ್ಕಳು ಅಭ್ಯಾಸಬಲದಿಂದ ಪೆನ್ನು ಹಿಡಿದು ಬಂದವು. "ಓಗ್ರಪ್ಪ, ಆಡ್ಕಳಿ ಓಗ್ರಿ" ಎಂದು ಕಳಿಸಿಬಿಟ್ಟರು. ಬೈಯಲಿಲ್ಲ. ಅವರು ಬೈಯದೆ ಮಾತಾಡಿದ್ದು ನನ್ನ ಮನಸ್ಸಿಗೆ ಬಹಳ ನೋವು ಮಾಡಿತು.

ಒಂದೆರಡು ತಿಂಗಳ ಮೇಲೆ ನೋಡಿದರೆ ಜಗಲಿಯಲ್ಲಿ ಅವರೇ ಕೂತು ಬರೆಯುತ್ತಿದ್ದಾರೆ. ಮುಂದೆ ಒಂದು ನೀಲಿ ಇನ್‌ಲ್ಯಾಂಡ್ ಕಾಗದ. ನಾಲ್ಕನೇ ಕ್ಲಾಸಿನ ಮೇಲೆ ಪೆನ್ನು ಮುಟ್ಟದ ಕೈ. ಬೆರಳಿನ ತುದಿ ಬೆಳ್ಳಗಾಗುವಷ್ಟು ಒತ್ತಿ ಹಿಡಿದಿದ್ದರು. ಒಂದು ಅಕ್ಷರ ಬರೆದು ದೂರ ಹಿಡಿದು ನೋಡಿ, ಮತ್ತೆ ಇನ್ನೊಂದು. ಮಧ್ಯಾಹ್ನವೆಲ್ಲ ಹಿಡಿಯಿತು. ಅಂಟಿಸಿ ನನ್ನ ಕೈಗೆ ಕೊಟ್ಟು, "ಒಂಬತ್ತನೇ ರೂಮಿನ ಕೂಸಿನ ಅಡ್ರೆಸ್ ಬರಿ" ಅಂದರು. ಬರೆದೆ. ಏನು ಬರೆದಿದ್ದೀರಿ ಎಂದು ಕೇಳಲಿಲ್ಲ, ಅವರು ಹೇಳಲೂ ಇಲ್ಲ.

ತಿಂಗಳಿಗೊಂದು ಹೋಗುತ್ತಿತ್ತು. ಒಂದಕ್ಕೂ ಉತ್ತರ ಬರಲಿಲ್ಲ. ಪೋಸ್ಟ್‌ಮ್ಯಾನ್ ಓಣಿಯಲ್ಲಿ ಕಂಡರೆ ಅವರ ಕತ್ತು ತಾನಾಗಿ ಆ ಕಡೆ ತಿರುಗುತ್ತಿತ್ತು. "ಬರೀದಿದ್ರೆ ಬ್ಯಾಡ. ಬರೀಲೇಬೇಕು ಅಂತ ಇನ್ನ ಯಾರ್ ಕುತ್ತಿಗೆ ಮೇಲೂ ನಾನು ಕೂರಾಕಿಲ್ಲ" ಅನ್ನುತ್ತಿದ್ದರು. ನಾನು ಕೆಲಸ ಬದಲಾಯಿಸಿ ಸರ್ಜಾಪುರಕ್ಕೆ ಬಂದ ಮೇಲೆ ಒಂದು ದಿನ ಊರುಗೋಲು ಹಿಡಿದು ನನ್ನ ಬಾಗಿಲಿಗೇ ಬಂದರು. ಚೀಲದಲ್ಲಿ ಒಂದು ಕಟ್ಟು ಖಾಲಿ ಇನ್‌ಲ್ಯಾಂಡ್. "ನನ್ನ ಅಕ್ಸರದಾಗೆ ಅಡ್ರೆಸ್ ಬರೆದ್ರೆ ತಲುಪ್ತದೋ ಇಲ್ವೋ. ಎಲ್ಲಾದ್ರ ಮೇಲೂ ಬರೆದು ಕೊಟ್ಬಿಡು" ಅಂದರು. ಕಾಫಿ ಆರುವಷ್ಟರಲ್ಲಿ ಅಷ್ಟರ ಮೇಲೂ ಬರೆದುಕೊಟ್ಟೆ. ಬಸ್ ಸ್ಟಾಪಿನವರೆಗೆ ಹೋಗಿ ಹತ್ತಿಸಿ ಬಂದೆ. ನಾನು ಅವರನ್ನು ಕೊನೆಯ ಬಾರಿ ನೋಡಿದ್ದು ಅವತ್ತು.

ಹನ್ನೊಂದನೆಯ ದಿನ ಆ ಅಂಗಳಕ್ಕೆ ಶಾಮಿಯಾನ ಹಾಕಿದ್ದರು. ಹಳೆಯ ಬಾಡಿಗೆದಾರರು ಎಲ್ಲೆಲ್ಲಿಂದಲೋ ಬಂದಿದ್ದರು. ಪಂಕ್ತಿಯಲ್ಲಿ ಕೂತಿದ್ದಾಗ ಪಕ್ಕದಲ್ಲಿ ಒಬ್ಬಳು ಯುವತಿ ಬಂದು ಕೂತು, "ಅಕ್ಕಾರ, ಗುರುತು ಸಿಗಲಿಲ್ಲೇನ್ರಿ?" ಅಂದಳು. ಅವಳೇ. ಈಗ ಜಿಗಣಿಯ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸವಂತೆ. ರೂಮುಗಳಲ್ಲಿ ಈಗಿರುವ ಅವಳ ಊರಿನವರು ಸುದ್ದಿ ಹೇಳಿದರಂತೆ. ಊಟವಾದ ಮೇಲೆ ಇಬ್ಬರೂ ಜಗಲಿಯ ತುದಿಯಲ್ಲಿ ಕೂತೆವು.

ಊರಿಗೆ ಹೋದ ಮೇಲೆ ಅಪ್ಪ ಎರಡು ವರ್ಷ ಬದುಕಿದ್ದನಂತೆ. "ಆಯಿ ತನ್ನ ಕೈಲೇ ಉಣಸತಿದ್ಲು. ಆ ಕಾಗದ ಬರೀದಿದ್ರ ಅಕಿ ಮಗನ್ನ ನೋಡ್ತಿದ್ದಿಲ್ಲ. ಬರದಿದ್ದಕ್ಕ ನಂದು ಸಾಲಿ ಹೋಯ್ತು. ಬರದಿದ್ದು ತಪ್ಪೋ ಅಲ್ಲೋ ನನಗ ಇನ್ನಾ ತಿಳಿದಿಲ್ರಿ" ಅಂದಳು. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ.

"ಓನರಮ್ಮನ ಕಾಗದ ಬರ್ತಿದ್ವಾ?" ಎಂದು ಕೇಳಿದೆ.

"ಒಂದೂ ತಪ್ಪಿಲ್ರಿ. ಎಲ್ಲಾ ಇಟ್ಟೀನಿ."

"ಮತ್ತೆ ಒಂದಕ್ಕಾದರೂ ಉತ್ತರ ಬರೀಬಾರದಿತ್ತಾ? ಎಷ್ಟು ಕಾದರು ಗೊತ್ತಾ?"

ಕೇಳಿದ ಮೇಲೆ ಏಕೆ ಕೇಳಿದೆನೋ ಅನ್ನಿಸಿತು. ಅವಳು ಶಾಮಿಯಾನ ಬಿಚ್ಚುವವರನ್ನು ನೋಡುತ್ತಲೇ ಹೇಳಿದಳು.

"ಏನಂತ ಬರೀಲ್ರಿ? ಪ್ರತಿ ಕಾಗದದಾಗೂ ಒಂದೇ ಮಾತು. 'ತಪ್ಪು ನಂದು ಕಣವ್ವ, ಹಾಕು ಅಂದಿದ್ದು ನಾನು, ಮನಸಿನಾಗ ಇಟ್ಕೋಬ್ಯಾಡ.' ನಾ ಕೇಳಿದ್ದು ಅವರನ್ನಲ್ಲ. ಅವರು ಮಾಡದ ತಪ್ಪಿಗಿ ಅವರನ್ನ ಹ್ಯಾಂಗ ಮಾಫ್ ಮಾಡ್ಲಿ?"

ಆಮೇಲೆ ನನ್ನ ಕಡೆ ತಿರುಗಿದಳು.

"ಮ್ಯಾಲ ನಿಮ್ಮ ಅಕ್ಷರ ಇರ್ತಿತ್ತಲ್ರಿ ಅಕ್ಕಾರ. ಪ್ರತಿ ಸಲಾನೂ ನಿಮ್ದೇ ಬಂದದ ಅಂತ ಒಡೀತಿದ್ದೆ."